ಜೇಬಿನಲ್ಲೇ ಉಳಿದ ಮಾತ್ರೆ

ಹೇಳಿದ್ದರೆ ಬದುಕುತ್ತಿದ್ದಳೋ, ಹೇಗಿದ್ದರೂ ಹೋಗುವವಳೇ ಆಗಿದ್ದಳೋ? ಉಜ್ಜನಪ್ಪನಿಗೆ ಬಗೆಹರಿಯುವ ಮೊದಲೇ, ನಿಲುವಂಗಿ ತೊಟ್ಟ ನಾಲ್ವರು ಅವನ ಅಕ್ಕ ಮರುಳಸಿದ್ದಮ್ಮನ ಹೆಣವಿದ್ದ ಚೀಲವನ್ನು ಆಂಬುಲೆನ್ಸಿನಿಂದ ಇಳಿಸಿದರು. ಹರಿಹರದ ರುದ್ರಭೂಮಿಯಲ್ಲಿ ಗುಂಡಿಯನ್ನು ಉದ್ದಕ್ಕೆ ತೋಡಿದ್ದರು.

"ನಮ್ಮಲ್ಲಿ ಕುಂದ್ರಿಸಿ ಮಣ್ಣು ಮಾಡ್ತಾರ್ರಿ. ಮಲಗಿಸಬ್ಯಾಡ್ರಿ," ಎಂದಳು ನೆರೆಮನೆಯ ಕೊಟ್ರವ್ವ.

"ಕೊರೊನಾ ಹೆಣ ಕುಂದ್ರಿಸಾಕೆ ಬರಲ್ಲಮ್ಮ. ದೂರ ಸರೀರಿ," ಎಂದ ನಾಲ್ವರಲ್ಲೊಬ್ಬ.

ಕೊಟ್ರವ್ವ ಸರಿದು ಉಜ್ಜನಪ್ಪನ ಪಕ್ಕ ನಿಂತಳು. "ಇಪ್ಪತ್ತು ವರ್ಷ ಕುಂತೇ ರೊಟ್ಟಿ ಬಡಿದ ಜೀವ. ದಪ್ಪಾದ ರೊಟ್ಟಿ ದನಕ್ಕೆ ಅಂತಿದ್ಲು. ಆಮ್ಯಾಲೆ ನಂಗೇ ಕೊಡ್ತಿದ್ಲು."

ಅವನಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ.

*

ಸಂಕ್ರಾಂತಿಯ ವೇಳೆಗೆ ಅಕ್ಕನ ಕಫದಲ್ಲಿ ಟಿಬಿ ಸಿಕ್ಕಿತ್ತು. "ಗೊತ್ತಾದ್ರೆ ನನ್ ಕೈ ರೊಟ್ಟಿ ಯಾರು ತಗಂತಾರೋ? ಆರು ತಿಂಗಳು ಮಾತ್ರೆ ನುಂಗ್ತೀನಿ. ಯಾರಿಗೂ ಹೇಳಬ್ಯಾಡ," ಎಂದು ಅಕ್ಕ ಅವನ ಕೈ ಹಿಡಿದಿದ್ದಳು. ಕೇಳಿದವರಿಗೆಲ್ಲ ಒಲೆ ಹೊಗೆಯ ಕೆಮ್ಮು ಎನ್ನುತ್ತಿದ್ದಳು. ದಿನವೂ ಬೆಳಿಗ್ಗೆ ಅವನೇ ಎದುರು ಕೂತು ನುಂಗಿಸುತ್ತಿದ್ದ. ಒಂದು ದಿನವೂ ತಪ್ಪಿರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಜ್ವರ, ಕೊರೊನಾ. ಅಕ್ಕನ ರೊಟ್ಟಿ ಕೊಳ್ಳುವ ಖಾನಾವಳಿಯ ಬಸವಕಿರಣನೇ ತನ್ನ ಕಾರಿನಲ್ಲಿ ಇಬ್ಬರನ್ನೂ ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದ.

"ಶುಗರ್, ಬಿಪಿ, ಟಿಬಿ ಏನಾದ್ರೂ ಐತಾ?" ನರ್ಸು ಪೆನ್ನು ಹಿಡಿದು ಕೇಳಿದಳು.

ಬಸವಕಿರಣ ಪಕ್ಕದಲ್ಲೇ ನಿಂತಿದ್ದ. ಉಜ್ಜನಪ್ಪನ ಅಂಗಿಯ ಜೇಬಿನಲ್ಲಿ ಅಕ್ಕನ ಮಾತ್ರೆಯ ಹಾಳೆ ಇತ್ತು.

"ಏನಿಲ್ರಿ," ಎಂದ.

ಏದುಸಿರಿನ ನಡುವೆ ಅಕ್ಕ ಅವನನ್ನು ನೋಡಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಆಮೇಲೆ ಅವನನ್ನು ಒಳಗೆ ಬಿಡಲಿಲ್ಲ.

ಆರನೇ ದಿನ ಡಾಕ್ಟರು ಫೋನ್ ಮಾಡಿದರು. "ಸ್ಟೀರಾಯ್ಡ್ ಕೊಟ್ರೂ ಎದೆ ಮತ್ತಷ್ಟು ಕೆಡ್ತಿದೆ. ಹಳೇ ಕಾಯಿಲೆ ಏನಾದ್ರೂ ಇತ್ತೇನ್ರಿ? ನೆನಪು ಮಾಡ್ಕೊಳ್ಳಿ."

ಈಗ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಅಕ್ಕ ಗುಣವಾಗಿ ಬಂದು ಮತ್ತೆ ಒಲೆ ಮುಂದೆ ಕೂತು ರೊಟ್ಟಿ ಮಾರಬೇಕು.

"ಒಲೆ ಹೊಗೆ ಸಾರ್, ಅಷ್ಟೇ."

ಹತ್ತನೇ ದಿನ ಮತ್ತೆ ಫೋನ್ ಬಂತು.

*

ಚೀಲ ಮಲಗಿದಂತೆಯೇ ಕೆಳಗಿಳಿಯಿತು. ಕೊಟ್ರವ್ವ ದನಿ ತಗ್ಗಿಸಿದಳು.

"ಆ ಕೆಂಪು ಮಾತ್ರೆ ನಂಗೆ ಗೊತ್ತಿತ್ತಪ್ಪ. ನಮ್ಮ ಮಾವಗೂ ಅವನ್ನೇ ಕೊಟ್ಟಿದ್ರು. ಗೊತ್ತಿದ್ದೇ ಅವಳ ರೊಟ್ಟಿ ತಿಂದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಸ್ಪತ್ರ್ಯಾಗೂ ಮಾತ್ರೆ ತಪ್ಪಲಿಲ್ಲ, ಹೌದಿಲ್ಲ?"

ಉಜ್ಜನಪ್ಪ ಹೌದೆಂದು ತಲೆಯಾಡಿಸಿದ. ಮಣ್ಣು ತೆಗೆದುಕೊಳ್ಳಲು ಬಗ್ಗಿದಾಗ ಜೇಬಿನಲ್ಲಿ ಹಾಳೆ ಪರಪರ ಎಂದಿತು. ಇನ್ನೊಂದು ಕೈಯಿಂದ ಅದನ್ನು ಅದುಮಿ ಹಿಡಿದು ಮಣ್ಣು ಹಾಕಿದ.

ಅಕ್ಕ ಮಾತ್ರೆ ನುಂಗಿ ಹತ್ತು ದಿನವಾಗಿತ್ತೆಂದು ಅವನು ಕೊಟ್ರವ್ವನಿಗೆ ಎಂದೂ ಹೇಳಲಿಲ್ಲ.