ಹೆಂಚು ಇಳಿಸುವ ಮುಂಚೆ

ಮಳೆ ಬಂದರೆ ಮನೆಯೊಳಗೆ ಎಲ್ಲೆಲ್ಲಿ ಪಾತ್ರೆ ಇಡಬೇಕು ಅಂತ ಬಾಯಿಪಾಠ ಆಗಿರುವ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ಅಂಥದೇ ಒಂದು ಮನೆ. ಇರುವುದು ಒಂದು ಅಡುಗೆಮನೆ, ಒಂದು ಕೋಣೆ. ಕೋಣೆಯಲ್ಲಿ ಬಾಣಂತಿ ಮಗಳು, ಹಸುಗೂಸು.

ಬೆಳಗ್ಗೆ ಹೆಂಚಿನ ಮೇಸ್ತ್ರಿ ಏಣಿ ತಂದು ಗೋಡೆಗೆ ಒರಗಿಸಿದ. "ಇವತ್ತು ಹಳೇ ಹೆಂಚು ಪೂರ್ತಿ ಇಳಿಸ್ತೀನಿ. ನಾಳೆ ಹೊಸದು."

ಮನೆಯ ಅಜ್ಜಿಗೆ ಅನುಮಾನ ಜಾಸ್ತಿ. ಹಾಲಿಗೂ ಬೆರಳು ಅದ್ದಿ ನೋಡುವವಳು. "ರಾತ್ರಿ ಮಳೆ ಬಂದರೆ ಕೂಸಿನ ಗತಿ?"

"ಈ ತಿಂಗಳು ಮಳೆ ಇಲ್ಲ ಅಜ್ಜಿ. ನಾನೇನು ಕಣಿ ಹೇಳ್ತಿಲ್ಲ. ನೋಡಿ, ಹವಾಮಾನ ಇಲಾಖೆಯ ಕೈಪಿಡಿ. ಮೂವತ್ತು ವರ್ಷದ ಲೆಕ್ಕ ಇದೆ."

ಅಜ್ಜಿ ಪುಸ್ತಕ ತಿರುವಿ ಹಾಕಿದಳು. "ಇವನು ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದಾನೆ. ಅದಕ್ಕೇ ಅವಸರ," ಅಂತ ಅಳಿಯನ ಕಿವಿಯಲ್ಲಿ ಪಿಸುಗುಟ್ಟಿದಳು.

"ಅತ್ತೆ, ನೀವು ಕನ್ನಡಿಯಲ್ಲಿ ನಿಮ್ಮ ಮುಖವನ್ನೂ ನಂಬೋಲ್ಲ!"

ಎದುರುಮನೆಯ ಗ್ರಂಥಪಾಲಕಿ ಕೆಲಸಕ್ಕೆ ಹೊರಟಿದ್ದಳು. ಅಜ್ಜಿ ಅಡ್ಡ ನಿಂತಳು. "ಇದು ಸುಳ್ಳು ಪುಸ್ತಕ ತಾನೆ?"

"ನಿಜದ್ದೇ ಅಜ್ಜಿ. ನಮ್ಮ ಗ್ರಂಥಾಲಯದ್ದು."

"ಹಾಗಾದರೆ ನೀನೂ ಅವನ ಕಡೆಯವಳೇ!"

ಅವಳು ನಕ್ಕಳು. "ನಿಮ್ಮ ಮನೆ ಅಜ್ಜನ ಸ್ವಭಾವ ಎಂಥದು?"

"ಹಸುವಿನಂಥವರು."

"ಇವತ್ತು?"

ಚಪ್ಪಲಿ ಸಿಗದೆ ಅಜ್ಜ ಒಳಗೆ ಗುಡುಗುತ್ತಿದ್ದದ್ದು ಬೀದಿಗೇ ಕೇಳಿಸುತ್ತಿತ್ತು.

"ಅಷ್ಟೇ ಅಜ್ಜಿ. ಕೈಪಿಡಿ ಹೇಳೋದು ತಿಂಗಳ ಸ್ವಭಾವ, ಸಾಮಾನ್ಯವಾಗಿ ಮಳೆ ಕಡಿಮೆ ಅಂತ. ಇವತ್ತಿನ ಸಿಟ್ಟು ಅದರಲ್ಲಿ ಇರೋಲ್ಲ. ಯಾವ ತಿಂಗಳು ಕೆಲಸ ಇಟ್ಟುಕೊಳ್ಳೋದು ಅನ್ನೋಕೆ ಕೈಪಿಡಿ ನೋಡಿ. ಯಾವ ದಿನ ಅನ್ನೋಕೆ ಇವತ್ತಿನ ಮುನ್ಸೂಚನೆ ನೋಡಿ."

"ನನ್ನ ಫೋನಿಗೆ ಬಂದಿದೆಯಲ್ಲ," ಅಂದ ಅಳಿಯ. "ವಾರವೆಲ್ಲ ಬಿಸಿಲಂತೆ."

"ಯಾರು ಹೇಳಿದ್ದು? ಯಾವ ಊರಿಗೆ? ಯಾವ ತಾರೀಕಿನದು?" ಗ್ರಂಥಪಾಲಕಿ ಕೇಳಿದಳು.

ಅಳಿಯ ಫೋನನ್ನು ಮೇಲೆ ಕೆಳಗೆ ಉಜ್ಜಿದ. ಮೂರೂ ಇರಲಿಲ್ಲ. ಅವಳು ತನ್ನ ಫೋನಿನಲ್ಲಿ ಹವಾಮಾನ ಇಲಾಖೆಯ ಪುಟ ತೆರೆದು ತೋರಿಸಿದಳು. ಇದೇ ಊರು, ಇವತ್ತಿನದೇ ತಾರೀಕು. ಸಂಜೆ ಗಾಳಿ, ಜೋರು ಮಳೆ.

"ಅದೂ ತಪ್ಪಬಹುದು ತಾನೆ?" ಅಂದ ಮೇಸ್ತ್ರಿ.

"ತಪ್ಪಬಹುದು. ತಪ್ಪಿದರೆ ನಿನ್ನದೊಂದು ದಿನ ಹೋಗುತ್ತೆ. ನಿನ್ನ ಮಾತು ತಪ್ಪಿದರೆ?"

ಕೋಣೆಯಲ್ಲಿ ಕೂಸು ಸೀನಿತು. ಮೇಸ್ತ್ರಿ ಏಣಿಯನ್ನು ನೆಲಕ್ಕೆ ಮಲಗಿಸಿದ.

ಸಂಜೆ ಆಕಾಶ ತೂತು ಬಿದ್ದಂತೆ ಮಳೆ ಹುಯ್ಯಿತು. ಏಣಿ ಒಯ್ಯಲು ಬಂದ ಮೇಸ್ತ್ರಿ ಅದೇ ಹಳೇ ಹೆಂಚಿನ ಕೆಳಗೆ ಮುದುಡಿ ನಿಂತ. ಪಾತ್ರೆಗಳಲ್ಲಿ ಟಪ್ ಟಪ್. ಸೋರದ ಮೂಲೆಯಲ್ಲಿ ಕೂಸು ಬೆಚ್ಚಗೆ ನಿದ್ದೆಹೋಗಿತ್ತು.

"ನಾಳೆ ಬರಲಾ ಅಜ್ಜಿ?"

"ಬಾ. ಬರುವ ಮುಂಚೆ ಮುನ್ಸೂಚನೆ ನೋಡು. ನೋಡಿದ್ದನ್ನು ನನಗೂ ತೋರಿಸು. ತಾರೀಕು ನಾನೇ ಓದ್ತೀನಿ."

ಅಕ್ಕ, ತಂಗಿ, ಅಣ್ಣ, ನೀವೂ ಅನುಮಾನಪಡಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಅನುಮಾನವನ್ನು ಮನಸ್ಸಿನಲ್ಲೇ ಕೊಳೆಹಾಕಬೇಡಿ, ಬಾಯಿಬಿಟ್ಟು ಕೇಳಿ. ಮಳೆ ಬಿಸಿಲಿನ ಮಾತು ಯಾರೇ ತಂದರೂ ಯಾರು ಹೇಳಿದ್ದು, ಯಾವ ಊರಿಗೆ, ಯಾವ ದಿನದ್ದು ಅಂತ ಕೇಳಿ. ಉತ್ತರ ಸಿಗುವವರೆಗೆ ತಲೆ ಮೇಲಿನ ಹೆಂಚು ತಲೆ ಮೇಲೇ ಇರಲಿ.