ಹೆಳವಪ್ಪನ ಪುಸ್ತಕದ ಒಂದು ಹೆಸರು

ಆ ಬೆಳಿಗ್ಗೆ ಮೌನೇಶನ ಕಾಲು ನೆಲದ ಮೇಲಿರಲಿಲ್ಲ. ಹಿರೇಹಂದಿಗೋಳದ ಮನೆಯ ಪಡಸಾಲೆಯಲ್ಲಿ ತಾನೇ ಕಟ್ಟಿದ್ದ ಫ್ಲೆಕ್ಸನ್ನು ಎಷ್ಟು ನೋಡಿದರೂ ಸಾಲದು. ಹೊಲದ ಉತಾರ, ರೇಷನ್ ಕಾರ್ಡು, ಮತದಾರರ ಪಟ್ಟಿ ಎಲ್ಲದರ ಫೋಟೊ ಹೊಡೆದು ಮೊಬೈಲಿನ ಎಐಗೆ ಕೊಟ್ಟಿದ್ದ. ಅದು ಏಳು ತಲೆಮಾರಿನ ವಂಶವೃಕ್ಷ ಬರೆದುಕೊಟ್ಟು, ಮೂಲಪುರುಷ ಲಕ್ಷ್ಮೇಶ್ವರದ ಕುದುರೆ ದಂಡಿನ ಸರದಾರ ಅಂತಲೂ ಸೇರಿಸಿತ್ತು; ಅದನ್ನೇ ಫ್ಲೆಕ್ಸಿಗೆ ಹಾಕಿಸಿದ್ದ. ಆ ಸರದಾರ ಯಾವ ಕಾಗದದಲ್ಲಿದ್ದಾನೆ ಎಂದು ಪುಣ್ಯಾತ್ಮ ಕೇಳಲಿಲ್ಲ. ಸರದಾರನ ವಂಶ ಯಾರಿಗೆ ಬೇಡ!

ಅಷ್ಟರಲ್ಲಿ ಬಂದ, ಹೆಳವರ ಹೊಳೆಯಪ್ಪ. ಮೂರು ನಾಲ್ಕು ವರ್ಷಕ್ಕೊಮ್ಮೆ ಮನೆಮನೆಗೆ ಬಂದು, ಆ ಮನೆಯ ಹಿರಿಯರ ಹೆಸರುಗಳನ್ನು ತನ್ನ ಹಳೆಯ ಪುಸ್ತಕದಿಂದ ಓದಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಪಡೆದು ಹೋಗುವುದು ಅವನ ಮನೆತನದ ಕೆಲಸ. ಮನೆಯವರನ್ನು ಕೂಗಿ, ಕಟ್ಟೆಯ ಮೇಲೆ ಕುಳಿತು ಪುಸ್ತಕದ ಗಂಟು ಬಿಚ್ಚತೊಡಗಿದ.

"ನಮ್ಮದೆಲ್ಲಾ ಮೊಬೈಲ್‌ನ್ಯಾಗ ಐತ್ರಿ. ಮುಂದ ಹೋಗ್ರಿ," ಎಂದ ಮೌನೇಶ.

ಭಿಕ್ಷೆಗೆ ಬಂದವರಿಗೆ ಅನ್ನುವ ಮಾತು! ಮುದುಕ ಗಂಟು ಕಟ್ಟಿಕೊಂಡು ಕಳಸಾಪುರದ ದಾರಿ ಹಿಡಿದ.

ಒಳಗಿನಿಂದ ಅಜ್ಜಿ ಮುದುಕವ್ವ ಮೊರದ ತುಂಬ ಜೋಳ ಹಿಡಿದು ಬಂದಳು. "ಹೆಳವಪ್ಪನ ದನಿ ಕೇಳಿತಲ್ಲ, ಎಲ್ಲಿ?"

"ಕಳಿಸಿದೆ, ಆಯಿ. ಎಲ್ಲಾ ಇಲ್ಲೇ ಐತಿ, ಕೇಳು."

ಫ್ಲೆಕ್ಸಿನ ಹೆಸರುಗಳನ್ನೆಲ್ಲ ಓದಿದ. ಆಯಿ ಕೊನೆತನಕ ಕೇಳಿದಳು.

"ನಮ್ಮ ಸಕ್ರಪ್ಪ ಬರ್ಲಿಲ್ಲಲ್ಲೋ?"

"ಅಂವ ಯಾರು?"

"ನನ್ನ ಹಿರೇಮಗ. ನಿಮ್ಮಪ್ಪನ ಅಣ್ಣ."

ಅಷ್ಟು ಕೇಳಿಯಾದರೂ ಸುಮ್ಮನಿರಬಾರದೇ? ಮೊಬೈಲಿನಲ್ಲಿ ಹೆಸರು ಒತ್ತಿ, ಬಂದ ಉತ್ತರವನ್ನು ಜೋರಾಗಿ ಓದಿದ: "ಸಕ್ರಪ್ಪನವರು ಹೆಸರಾಂತ ಪೈಲ್ವಾನರು. ಮುಂಡರಗಿ, ಶಿರಹಟ್ಟಿಯ ಕುಸ್ತಿಗಳಲ್ಲಿ ಗೆದ್ದು..."

"ಸಾಕೋ," ಎಂದಳು ಆಯಿ. "ಒಂಬತ್ತು ತಿಂಗಳ ಕೂಸದು. ಇನ್ನೂ ನಿಂದ್ರಾಕ ಬರ್ತಿದ್ದಿಲ್ಲ."

ಮೌನೇಶ ಮೊಬೈಲನ್ನು ಕೆಳಗಿಳಿಸಿದ.

"ಅದರದೊಂದು ಫೋಟೊ ಇಲ್ಲ, ಕಾಗದ ಇಲ್ಲ. ಹೆಳವಪ್ಪನ ಪುಸ್ತಕದಾಗಷ್ಟ ಐತಿ. ಅಂವ ಬಂದಾಗೊಮ್ಮೆ ಓದ್ತಾನ, ನಾ ಕೇಳ್ತೀನಿ. ಇನ್ನ ಅಂವ ಬರೂದರಾಗ ನಾ ಇರ್ತೀನೋ ಇಲ್ಲೋ."

ನಾಲ್ಕು ಬೈದಿದ್ದರೆ ಎಷ್ಟೋ ಚಲೋ ಇತ್ತು. ಬೈಯಲಿಲ್ಲ. ಮೊರ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಸತ್ತ ಕೂಸನ್ನು ಹೆತ್ತವಳ ಎದುರಿಗೇ ಪೈಲ್ವಾನ ಮಾಡಿ ಓದಿದ ತನ್ನ ದನಿ ಮೌನೇಶನ ಕಿವಿಯಲ್ಲೇ ಉಳಿಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮುಖ ಎತ್ತದೆ ಬೈಕ್ ಹತ್ತಿದ.

ಕಳಸಾಪುರದಲ್ಲಿ ಹೊಳೆಯಪ್ಪ ಹತ್ತು ಮಂದಿಯ ನಡುವೆ ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದ. ಇವನನ್ನು ನೋಡಿ ನಕ್ಕ.

"ಯಾಕಪ್ಪಾ, ಎಲ್ಲಾ ಮೊಬೈಲ್‌ನ್ಯಾಗ ಐತಿ ಅಂದಿದ್ಯಲ್ಲಾ?"

ಮಂದಿಯೂ ನಕ್ಕರು. ಮೌನೇಶ ಎಲ್ಲರೆದುರು ಬಗ್ಗಿ ಮುದುಕನ ಕಾಲು ಮುಟ್ಟಿದ.

"ಒಬ್ಬರದು ಇಲ್ರಿ, ಅಜ್ಜಾರ. ನಮ್ಮ ದೊಡ್ಡಪ್ಪಂದು," ಎಂದ. "ಆಯಿ ಜೋಳ ಹಿಡ್ಕೊಂಡು ಕುಂತಾಳ್ರಿ. ಬರ್ರಿ."