ಬೆನ್ನಿಗೆ ತಾಗುವ ಜೇಬು

ನನ್ನ ತಮ್ಮ ಚಪ್ಪಲಿ ಕೊಳ್ಳಲು ಹೋದರೇ ಅಂಗಡಿಯವನಿಗೆ ಜ್ವರ ಬರುತ್ತದೆ. ಇನ್ನು ಕ್ಯಾಮೆರಾ ಬ್ಯಾಗು ಕೊಳ್ಳುವುದೆಂದರೆ ಕೇಳಬೇಕೇ. ಮರುದಿನ ಬೆಳಿಗ್ಗೆ ಅವನು ಹೊರಡಬೇಕಿತ್ತು. ಬೆಟ್ಟಗಳ ನಡುವೆ ಕಟ್ಟುತ್ತಿರುವ ಸೇತುವೆಯೊಂದರ ಫೋಟೋ ತೆಗೆಯುವ ಕೆಲಸ, ಒಂದು ತಿಂಗಳು ಅಲ್ಲೇ ವಾಸ. ಹಳೆಯ ಬ್ಯಾಗಿನ ಜಿಪ್ಪು ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ಅದಕ್ಕೆ ಹಗ್ಗ ಸುತ್ತಿಕೊಂಡೇ ಮದುವೆಮನೆಗಳಿಗೆ ಹೋಗುತ್ತಿದ್ದ, ನನ್ನ ಮಾನ ಕಳೆಯಲು. "ಇವತ್ತು ಬ್ಯಾಗ್ ತಗೊಳ್ದೆ ವಾಪಸ್ ಬರೋ ಹಾಗಿಲ್ಲ" ಎಂದು ನಾನೇ ಎಳೆದುಕೊಂಡು ಹೋದೆ. ನಮ್ಮಿಬ್ಬರದೂ ಒಂದೇ ಸ್ಟುಡಿಯೋ. ಫೋಟೋ ತೆಗೆಯುವವನು ಅವನು. ಅವನ್ನು ಕಂಪ್ಯೂಟರಿಗೆ ಇಳಿಸಿ, ಆರಿಸಿ, ತಿದ್ದುವವಳು ನಾನು. ಬೈಯುವವಳೂ ನಾನೇ.

ಅಂಗಡಿಗೆ ಅವನು ತನ್ನ ಸಾಮಾನನ್ನೆಲ್ಲ ಹೊತ್ತು ತಂದಿದ್ದ. ಕ್ಯಾಮೆರಾ, ಲೆನ್ಸುಗಳು, ಫ್ಲಾಶು, ಬ್ಯಾಟರಿ, ಚಾರ್ಜರು. ಬರಿದಾಗಿ ಹೊತ್ತು ನೋಡಿದರೆ ಎಲ್ಲ ಬ್ಯಾಗೂ ಚೆನ್ನಾಗಿಯೇ ಇರುತ್ತವೆ ಎಂಬುದು ಅವನ ವಾದ. ಹಾಗಾಗಿ ಪ್ರತಿಯೊಂದಕ್ಕೂ ಸಾಮಾನು ತುಂಬುವುದು, ಬೆನ್ನಿಗೇರಿಸುವುದು, ಅಂಗಡಿಯ ಮೆಟ್ಟಿಲು ಹತ್ತಿ ಇಳಿಯುವುದು, ಫೋಟೋ ತೆಗೆಯುವವನಂತೆ ಕುಕ್ಕರಗಾಲಲ್ಲಿ ಕೂತು ಏಳುವುದು, ಆಮೇಲೆ ಎಲ್ಲ ಹೊರಗೆ ತೆಗೆದು ಇನ್ನೊಂದಕ್ಕೆ ತುಂಬುವುದು. ಒಂದು ಬ್ಯಾಗಿನ ಬಾಯಿ ಹೊರಮೈಗಿತ್ತು, ಹಿಂದೆ ನಿಂತವನು ಜಿಪ್ಪು ಎಳೆದರೆ ಗೊತ್ತೇ ಆಗದು ಎಂದ. ಇನ್ನೊಂದು ಪಕ್ಕದಲ್ಲಿ ತೆರೆಯುತ್ತಿತ್ತು, ಅದರಲ್ಲಿ ಉದ್ದನೆಯ ಲೆನ್ಸು ಮಲಗಲಿಲ್ಲ. ಬೂದು ಬಣ್ಣದ ಒಂದು ಬ್ಯಾಗು ಮಾತ್ರ ಅವನ ಮನಸ್ಸಿಗೆ ಹಿಡಿಸಿತು. ಅದು ಬೆನ್ನಿಗೆ ತಾಗುವ ಕಡೆಯಿಂದಲೇ ತೆರೆಯುತ್ತದೆ, ಅಲ್ಲೇ ಮೆತ್ತೆಯೊಳಗೆ ಒಂದು ಗುಪ್ತ ಜೇಬು. ಹೊರಗಿನಿಂದ ಹೊಲಿಗೆಯ ಗೆರೆಯಷ್ಟೇ ಕಾಣುತ್ತದೆ.

"ಇಲ್ಲಿಟ್ಟಿದ್ದು ದೇವರಿಗೂ ಗೊತ್ತಾಗಲ್ಲ ಸರ್" ಎಂದಳು ಅಂಗಡಿಯ ಹುಡುಗಿ.

ಅವನು ಮಗುವಿನಂತೆ ಹಿಗ್ಗಿ, ಅದರೊಳಗೆ ಏನೇನೋ ಇಟ್ಟು ತೆಗೆದು ಮಾಡಿದ. ಆದರೆ ಅವನು ಹತ್ತಬೇಕಾದ ಪುಟ್ಟ ವಿಮಾನದಲ್ಲಿ ಆ ಬ್ಯಾಗು ಸೀಟಿನ ಕೆಳಗೆ ಹಿಡಿಸುವಂತಿರಲಿಲ್ಲ. ಅಳೆದೂ ಸುರಿದೂ ಕೊನೆಗೆ ಒಂದು ಕಪ್ಪು ಬ್ಯಾಗು ಕೊಂಡೆವು. ನನಗೆ ತಲೆ ಚಿಟ್ಟು ಹಿಡಿದಿತ್ತು.

ಸ್ಟುಡಿಯೋಗೆ ಬಂದು ಊಟದ ಡಬ್ಬಿ ತೆರೆಯುವಷ್ಟರಲ್ಲಿ ಫೋನು ಬಂತು. ಆ ತಾಯಿ.

ಆಕೆಯ ವಿಷಯ ಹೇಳಬೇಕು. ಹೋದ ತಿಂಗಳು ತಮ್ಮ ಒಂದು ಆಸ್ಪತ್ರೆಯ ಹೊಸ ಕಟ್ಟಡದ ಫೋಟೋ ತೆಗೆಯಲು ಹೋಗಿದ್ದ. ಕಾರಿಡಾರಿನಲ್ಲಿ ಯಾರೋ ಒಬ್ಬ ಓಡಿ ಬಂದು ಅವನ ತೋಳು ಹಿಡಿದುಕೊಂಡನಂತೆ. ಹೆಂಡತಿಗೆ ಆಪರೇಷನ್ ಆಗಿ ಪ್ರಜ್ಞೆ ಇಲ್ಲ, ಹುಟ್ಟಿದ ಹೆಣ್ಣುಮಗು ಉಳಿಯುವುದಿಲ್ಲ ಎಂದಿದ್ದಾರೆ, ತನ್ನ ಕೈ ನಡುಗುತ್ತಿದೆ, ಫೋನಿನಲ್ಲಿ ತೆಗೆದದ್ದೆಲ್ಲ ಅಲುಗಾಡಿಹೋಗಿದೆ, ನೀವು ಬನ್ನಿ ಎಂದನಂತೆ. ತಮ್ಮ ಕ್ಯಾಮೆರಾಕ್ಕೆ ಹೊಸ ಮೆಮೊರಿ ಕಾರ್ಡು ಹಾಕಿಕೊಂಡು ಹೋದ. ಆ ಮಗು ಸಂಜೆಯ ಹೊತ್ತಿಗೆ ಹೋಯಿತು. ತಾಯಿಗೆ ನೆಟ್ಟಗೆ ಎಚ್ಚರವಾಗುವಾಗ ಎಲ್ಲ ಮುಗಿದಿತ್ತು. ಹೊಟ್ಟೆಯಲ್ಲಿ ಹೊತ್ತವಳು ಆ ಮಗುವಿನ ಮುಖವನ್ನೇ ನೋಡಲಿಲ್ಲ. ಫೋಟೋ ಕೊಡಲೇ ಎಂದು ಆಮೇಲೆ ನಾನು ಫೋನು ಮಾಡಿ ಕೇಳಿದಾಗ, ಈಗ ಬೇಡ, ಧೈರ್ಯ ಬಂದಾಗ ನಾನೇ ಕೇಳುತ್ತೇನೆ ಎಂದಿದ್ದಳು.

"ಮೇಡಂ, ಇವತ್ತು ಸಂಜೆ ಬರ್ತೀನಿ" ಎಂದಳು ಈಗ. "ಬೆಳಿಗ್ಗೆಯಿಂದ ಯಾಕೋ ಧೈರ್ಯವಾಗಿದೀನಿ. ನಾಳೆಗೆ ಇದು ಇರುತ್ತೋ ಇಲ್ವೋ ಗೊತ್ತಿಲ್ಲ."

"ಬನ್ನಿಮ್ಮಾ" ಎಂದೆ. ಫೋನಿಟ್ಟು ತಮ್ಮನತ್ತ ಕೈ ಚಾಚಿದೆ. "ಪುಟ್ಟಾ, ಆ ಮಗು ಕಾರ್ಡ್ ಕೊಡು. ಎಲ್ಲ ರೆಡಿ ಮಾಡಿಡ್ತೀನಿ."

ನಲವತ್ತು ದಾಟಿದರೂ ಅವನು ನಮಗೆ ಪುಟ್ಟನೇ. ಪುಟ್ಟ ಅಂಗಿಯ ಜೇಬು ಮುಟ್ಟಿಕೊಂಡ. ಪ್ಯಾಂಟಿನ ಜೇಬು ಮುಟ್ಟಿಕೊಂಡ. ಆಮೇಲೆ ಹೊಸ ಬ್ಯಾಗನ್ನು ಮೇಜಿನ ಮೇಲೆ ಬೋರಲು ಹಾಕಿದ.

"ಅಕ್ಕ, ಆ ಬೂದು ಬ್ಯಾಗು" ಎಂದ. "ಆ ಗುಪ್ತ ಜೇಬಲ್ಲಿ ಇಟ್ಟು ನೋಡ್ದೆ. ತೆಗೀಲೇ ಇಲ್ಲ."

"ಎಲ್ಲಾ ಬಿಟ್ಟು ಅದನ್ನ ಯಾಕೋ ಇಟ್ಟೆ ಅಲ್ಲಿ?"

"ತುಂಬಾ ಮುಖ್ಯವಾದದ್ದನ್ನ ಇಟ್ಟು ನೋಡಿದ್ರೆ ತಾನೆ ಗೊತ್ತಾಗೋದು, ಅದನ್ನ ನಂಬಬಹುದೋ ಇಲ್ವೋ ಅಂತ."

ತಲೆಯಲ್ಲಿ ಮೆದುಳಿನ ಬದಲು ಲದ್ದಿ ತುಂಬಿದೆಯಾ ಎಂದು ಕೇಳಿದೆ. ಇರಲಿ, ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇದೆಯಲ್ಲ, ಅದು ಯಾವ ಫೋಲ್ಡರಿನಲ್ಲಿದೆ ಎಂದೆ. ಅವನು ಖಾಲಿ ಬ್ಯಾಗನ್ನು ಮತ್ತೊಮ್ಮೆ ಕೊಡವಿದ. ತೆಗೆದ ದಿನವೇ ಕಾರ್ಡಿನಿಂದ ಇಳಿಸಿಡುವುದು ನಮ್ಮ ಕಸುಬಿನ ಮೊದಲ ಪಾಠ. ಈ ಪ್ರಾಣಿ ಅದನ್ನು ಇಳಿಸಿಯೇ ಇರಲಿಲ್ಲ. "ಆ ಕಾರ್ಡು ನನ್ನ ಹತ್ರ ಇದೆ, ನೀನು ಮುಟ್ಟಬೇಡ" ಎಂದು ಅವನು ಹೇಳಿದ್ದನ್ನು ನಾನು ಅವನೇ ಇಳಿಸಿಟ್ಟಿದ್ದಾನೆ ಎಂದು ಅರ್ಥ ಮಾಡಿಕೊಂಡು ಸುಮ್ಮನಿದ್ದೆ.

ಊಟ ಹಾಗೇ ಬಿಟ್ಟು ಓಡಿದೆವು. ಸ್ಕೂಟರು ನಾನೇ ಓಡಿಸಿದೆ, ಅವನ ಕೈಗೆ ಕೊಟ್ಟಿದ್ದರೆ ಇಬ್ಬರೂ ಆಸ್ಪತ್ರೆ ಸೇರುತ್ತಿದ್ದೆವು. ದಾರಿಯುದ್ದಕ್ಕೂ ಬೈದೆ. ಸಿಗ್ನಲಿನಲ್ಲಿ ಪಕ್ಕದ ಕಾರಿನವನು ಕಿಟಕಿ ಇಳಿಸಿ ಕೇಳಿಸಿಕೊಳ್ಳುವಷ್ಟು ಬೈದೆ.

"ಇಳಿಸೋಕೆ ಏನು ಧಾಡಿಯಾಗಿತ್ತು ನಿನಗೆ? ಎರಡು ನಿಮಿಷದ ಕೆಲಸ."

"ಇಳಿಸಿದ್ರೆ ನೀನು ನೋಡ್ತಿದ್ದೆ."

"ನೋಡಿದ್ರೆ ಏನಾಗ್ತಿತ್ತು?"

ಅವನು ಹಿಂದಿನಿಂದ ನನ್ನ ಕಿವಿಯ ಬಳಿ ಬಗ್ಗಿ ಹೇಳಿದ. "ಮದುಮಗಳ ಫೋಟೋನ ಅವಳಿಗಿಂತ ಮುಂಚೆ ನಾವು ನೋಡ್ತೀವಿ. ಆರಿಸ್ತೀವಿ, ಇದು ಬೇಡ ಅದು ಬೇಡ ಅಂತೀವಿ. ಈ ಮಗು ಮುಖಾನೂ ಹಾಗೆ ಮಾಡೋದಾ? ತೆಗೆದಿದ್ದನ್ನ ನಾನು ಕೂಡ ಮತ್ತೆ ತಿರುಗಿಸಿ ನೋಡಿಲ್ಲ ಅಕ್ಕ. ಮೊದಲು ಅವಳಮ್ಮನೇ ನೋಡ್ಲಿ ಅಂತ. ಸ್ಟುಡಿಯೋದಲ್ಲಿ ಇಟ್ರೆ ನೀನು ಕಂಪ್ಯೂಟರಿಗೆ ಹಾಕೇ ಹಾಕ್ತೀಯ. ಅದಕ್ಕೇ ಜೇಬಲ್ಲಿ ಇಟ್ಕೊಂಡು ಓಡಾಡ್ತಿದ್ದೆ."

ಇಂಥ ಮೂರ್ಖತನಕ್ಕೆ ಏನು ಬೈಗುಳವಿದೆ? ಹಸಿರು ಬಂದದ್ದೂ ಕಾಣದೆ ಕೂತಿದ್ದೆ. ಹಿಂದಿನವರು ಹಾರ್ನ್ ಬಾರಿಸಿದರು.

ಅಂಗಡಿಯಲ್ಲಿ ಬೂದು ಬ್ಯಾಗಿನ ಜಾಗ ಖಾಲಿಯಿತ್ತು.

"ಈಗಷ್ಟೇ ಹೋಯ್ತಲ್ಲ ಮೇಡಂ" ಎಂದಳು ಹುಡುಗಿ. "ಹಕ್ಕಿ ಫೋಟೋ ತೆಗೆಯೋರಂತೆ, ವಯಸ್ಸಾದೋರು, ಹಸಿರು ಟೋಪಿ. ರೈಲಿಗೆ ಹೊತ್ತಾಯ್ತು ಅಂತ ಇದ್ದಿದ್ದನ್ನೇ ಕೊಡಿ ಅಂದ್ರು. ಬೆನ್ನಿಗೆ ಹಾಕ್ಕೊಂಡೂ ನೋಡ್ಲಿಲ್ಲ."

ಫೋನ್ ನಂಬರು ಇದೆಯಾ ಎಂದರೆ ಇಲ್ಲ. ಯಾವ ಊರು ಎಂದರೆ ಗೊತ್ತಿಲ್ಲ. ಅಂಗಡಿಯ ಯಜಮಾನ ಒಳಗಿನಿಂದ ಬಂದು, ಕಂಪನಿಗೆ ಬರೆದು ಅದೇ ಥರದ ಇನ್ನೊಂದು ಬ್ಯಾಗು ತರಿಸಿಕೊಡುತ್ತೇನೆ ಎಂದ. ಅವನಿಗೆ ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ.

ರೈಲು ನಿಲ್ದಾಣದಲ್ಲಿ ನಾನು ಮನುಷ್ಯರ ಮುಖ ನೋಡಲೇ ಇಲ್ಲ, ಬರೀ ಬೆನ್ನು ನೋಡಿದೆ. ಲೋಕದಲ್ಲಿ ಇಷ್ಟು ಬ್ಯಾಗುಗಳಿವೆ ಎಂದು ನನಗೆ ಅವತ್ತೇ ಗೊತ್ತಾದದ್ದು. ತಮ್ಮ ಕಿಟಕಿಯಿಂದ ಕಿಟಕಿಗೆ ಇಣುಕುತ್ತ ಓಡುತ್ತಿದ್ದ. ಜನ ಹುಚ್ಚನನ್ನು ನೋಡುವಂತೆ ನೋಡುತ್ತಿದ್ದರು. ಸಿಗದಿದ್ದರೆ ಆಕೆಗೆ ಏನು ಹೇಳುವುದು? ಕಳೆದುಹೋಯಿತು ಎಂದೇ? ಒಮ್ಮೆ ಕಳೆದುಕೊಂಡವಳಿಗೆ ಆ ಮಾತು ಹೇಳಲು ನನಗೆ ಬಾಯಾದರೂ ಹೇಗೆ ಬರಬೇಕು? ನಾನು ಸತ್ತರೂ ಚಿಂತೆಯಿಲ್ಲ, ಆ ಕಾರ್ಡು ಸಿಗಲಿ ಎಂದುಕೊಂಡೆ. ಉತ್ಪ್ರೇಕ್ಷೆಯಲ್ಲ, ಆ ಹೊತ್ತಿಗೆ ಹಾಗೆಯೇ ಅನಿಸಿತು.

"ಅಕ್ಕ, ಇಲ್ಲಿ" ಎಂದು ತಮ್ಮ ಕೂಗಿದ. ಹಸಿರು ಟೋಪಿ ಕಿಟಕಿಯ ಪಕ್ಕ ಕೂತಿತ್ತು, ತೊಡೆಯ ಮೇಲೆ ಬೂದು ಬ್ಯಾಗು.

ಬೋಗಿ ಹತ್ತಿ ಅವರ ಮುಂದೆ ನಿಂತೆವು. ತಮ್ಮ ತೊದಲಿದ. ನಿಮ್ಮ ಬ್ಯಾಗನ್ನು ಒಮ್ಮೆ ಕೊಡಿ, ಅದರೊಳಗೆ ನಮ್ಮದೊಂದು ವಸ್ತು ಇದೆ ಎಂದ. ಯಾರು ತಾನೆ ಕೊಡುತ್ತಾರೆ? ಅವರು ಬ್ಯಾಗನ್ನು ಎದೆಗೆ ಅವುಚಿಕೊಂಡರು.

"ಇದು ಹೊಸ ನಮೂನೆ ಕಳ್ಳತನ ಅಂತ ಕಾಣುತ್ತೆ" ಎಂದರು. "ಈಗ ತಾನೆ ಕೊಂಡಿದ್ದು ಇದು. ಎಲ್ಲ ಜೇಬೂ ನೋಡಿದೀನಿ, ಏನೂ ಇಲ್ಲ. ಇಳೀರಿ, ಇಲ್ದಿದ್ರೆ ಪೊಲೀಸರನ್ನ ಕರೀತೀನಿ."

ಸುತ್ತಲಿನವರು ಎದ್ದು ನಿಂತರು. ಬ್ಯಾಗು ಕಿತ್ತುಕೊಂಡು ಓಡಿಬಿಡೋಣ ಎನ್ನುವಷ್ಟು ಸಿಟ್ಟು ಬಂತು ನನಗೆ. ಆದರೆ ಅವರ ಎದುರಿನ ಸೀಟಿನಲ್ಲಿ ಕೂತೆ.

"ಸರ್, ಅದರಲ್ಲಿ ಒಂದು ಮಗುವಿನ ಫೋಟೋ ಇದೆ" ಎಂದೆ. "ಮಗು ಇಲ್ಲ ಈಗ. ಅದರ ತಾಯಿ ಮುಖ ನೋಡಿಲ್ಲ. ಇವತ್ತು ಸಂಜೆ ನೋಡೋಕೆ ಬರ್ತಿದ್ದಾಳೆ. ಇದು ಬಿಟ್ಟು ಬೇರೆ ಎಲ್ಲೂ ಇಲ್ಲ."

ಅವರು ನನ್ನನ್ನು ದಿಟ್ಟಿಸಿದರು. ಆಮೇಲೆ ಬ್ಯಾಗನ್ನು ಮುಂದೆ ಚಾಚಿದರು.

ತಮ್ಮ ಹೊಲಿಗೆಯ ಗೆರೆ ಹುಡುಕಿ ಒಳಗೆ ಕೈ ಹಾಕಿದ. ಹೊರಗೆ ತೆಗೆದಾಗ ಬೆರಳುಗಳಲ್ಲಿ ಏನೂ ಇರಲಿಲ್ಲ. ಮತ್ತೆ ಹಾಕಿದ. ಇಲ್ಲ. ಅವನು ಅಲ್ಲೇ ನಿಂತು ಅಳಲು ಶುರುಮಾಡಿದ, ಅಷ್ಟು ದೊಡ್ಡ ಗಂಡಸು. ಹೊರಗೆ ಸೀಟಿ ಕೇಳಿಸಿತು. "ಸರಿ ಆ ಕಡೆ" ಎಂದು ಅವನನ್ನು ತಳ್ಳಿದೆ. ಒಳಗೆ ಲೆನ್ಸುಗಳು ತುಂಬಿ ಮೆತ್ತೆ ಬಿಗಿದುಕೊಂಡಿತ್ತು. ಹಸಿರು ಟೋಪಿಯವರು ತಾವೇ ಒಂದೊಂದಾಗಿ ಲೆನ್ಸು ತೆಗೆದು ಸೀಟಿನ ಮೇಲಿಟ್ಟರು. ನನ್ನ ಕೈ ಸಣ್ಣದು. ಮೊಣಕೈವರೆಗೂ ತುರುಕಿದೆ. ಜೇಬು ಬ್ಯಾಗಿನ ತಳದವರೆಗೂ ಇಳಿದಿತ್ತು, ಅಲ್ಲಿ ಮೂಲೆಯಲ್ಲಿ ಉಗುರಿಗೆ ಪ್ಲಾಸ್ಟಿಕ್ಕು ತಾಗಿತು.

ನಾವು ಇಳಿಯುವಾಗ ರೈಲು ಆಗಲೇ ಚಲಿಸತೊಡಗಿತ್ತು. ಅವರಿಗೆ ಒಂದು ಮಾತು ಹೇಳಲೂ ಆಗಲಿಲ್ಲ.

ಸ್ಟುಡಿಯೋ ತಲುಪಿದಾಗ ಆಕೆ ಬಾಗಿಲ ಮುಂದೆಯೇ ನಿಂತಿದ್ದಳು. ಒಬ್ಬಳೇ ಬಂದಿದ್ದಳು. ಬೆವರಿ ಬಂದ ನಮ್ಮನ್ನು ನೋಡಿ, ತೊಂದರೆ ಕೊಟ್ಟೆನೇನೋ ಎಂದಳು. ಇಲ್ಲಮ್ಮ, ಬ್ಯಾಗು ಕೊಳ್ಳಲು ಹೋಗಿದ್ದೆವು ಎಂದೆ. ಒಳಗೆ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ತಲುಪಿದ ತಕ್ಷಣ ಕಾರ್ಡಿನಲ್ಲಿರುವುದರ ಇನ್ನೊಂದು ಪ್ರತಿ ಮಾಡಬೇಕು ಎಂದು ದಾರಿಯಲ್ಲೆಲ್ಲ ಅಂದುಕೊಂಡು ಬಂದಿದ್ದೆ. ಕಾರ್ಡು ಹಾಕಿದರೆ ಕಂಪ್ಯೂಟರು ತಾನೇ ಇಳಿಸಿಕೊಳ್ಳುತ್ತದೆ, ಹಾಗಾಗಿ ಪರದೆ ಆರಿಸಿಟ್ಟು, ಏನೂ ಕಾಣದಂತೆ, ಅಷ್ಟು ಮಾಡಿ ಮುಗಿಸಿದೆ. ಆಮೇಲೆ ಪರದೆ ಹೊತ್ತಿಸುವ ಗುಂಡಿ ತೋರಿಸಿ, ಇಲ್ಲಿ ಒತ್ತಿ, ಎಲ್ಲ ತೆರೆದುಕೊಳ್ಳುತ್ತದೆ ಎಂದೆ.

"ನೀವು ನೋಡಿದೀರಾ ಮೇಡಂ?" ಎಂದು ಕೇಳಿದಳು.

"ಇಲ್ಲ. ಯಾರೂ ನೋಡಿಲ್ಲ. ನೀವೇ ಮೊದಲು ನೋಡ್ಬೇಕು ಅಂತ ನನ್ನ ತಮ್ಮ ಇಟ್ಟಿದ್ದ."

ಆಕೆ ತಲೆಯಾಡಿಸಿದಳು. ನಾವಿಬ್ಬರೂ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದು ಮೆಟ್ಟಿಲ ಮೇಲೆ ಕೂತೆವು. ಒಳಗಿನಿಂದ ಏನೂ ಕೇಳಿಸಲಿಲ್ಲ. ಅಳು ಕೇಳಿಸಿದ್ದರೆ ಒಳ್ಳೆಯದಿತ್ತು. ತಮ್ಮ ಉಗುರು ಕಚ್ಚುತ್ತಿದ್ದ, ನಾನು ಅವನ ಕೈಗೆ ಒಂದೇಟು ಕೊಟ್ಟೆ.

ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

"ಅಕ್ಕ" ಎಂದಳು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವಳು. "ಇಬ್ರೂ ಒಳಗೆ ಬನ್ನಿ. ನೋಡಿ ಇವಳನ್ನ."

"ಬೇಡಮ್ಮ, ನೀವು ನೋಡಿದ್ರೆ ಸಾಕು" ಎಂದ ತಮ್ಮ.

"ಸಾಕಾಗಲ್ಲ ಅಣ್ಣ. ಎಲ್ಲರೂ ಮರೆತುಬಿಡು ಅಂತಾರೆ, ನೀವು, ನಮ್ಮನೆಯವರು ಬಿಟ್ರೆ ಯಾರೂ ಅವಳನ್ನ ನೋಡೇ ಇಲ್ಲ. ಅವರು ಆ ಮಾತೇ ಎತ್ತಲ್ಲ. ನಾನೊಬ್ಬಳೇ ನೋಡಿದ್ರೆ, ಅವಳು ಇದ್ದಳು ಅಂತ ನನ್ನ ಜೊತೆ ಹೇಳೋರು ಯಾರು?"

ನಾನು ಎದ್ದು ಒಳಗೆ ಹೋದೆ. ಪರದೆಯ ತುಂಬ ಮಗು ಮಲಗಿತ್ತು, ಒಂದು ಮುಷ್ಟಿ ಗಲ್ಲಕ್ಕೆ ಒತ್ತಿಕೊಂಡು. ಆಕೆ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾರ ಥರ ಇದಾಳೆ ಹೇಳಿ" ಎಂದಳು.

ನಾನು ಬಗ್ಗಿ ನೋಡಿದೆ. ಜೀವಮಾನದಲ್ಲಿ ಯಾವ ಫೋಟೋವನ್ನೂ ಅಷ್ಟು ಹೊತ್ತು ನೋಡಿದವಳಲ್ಲ.

"ಹಣೆ ನಿಮ್ಮದೇ" ಎಂದೆ. "ಗಲ್ಲ ಯಾರದು?"

"ಅವಳಪ್ಪಂದು" ಎಂದಳು ಆಕೆ, ಮತ್ತು ಆಗ ಅತ್ತಳು.